59–55 ಇದ್ದದ್ದು 60–40 ಆದದ್ದು ಹೇಗೆ? ನಂಜುಂಡಪ್ಪ ವರದಿಯ ಲೆಕ್ಕ ಮತ್ತು ಬಜೆಟ್ ಮನವಿಪತ್ರ

ಬಜೆಟ್ ಸಮೀಪಿಸಿದಾಗ ಕಲಬುರಗಿ, ಹುಬ್ಬಳ್ಳಿಯ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಸರ್ಕಾರಕ್ಕೆ ಮನವಿಪತ್ರ ಕೊಡುವುದು ವಾಡಿಕೆ. ಪ್ರಾದೇಶಿಕ ಅಸಮತೋಲನದ ಮಾತು ಬಂದರೆ ಎರಡು ಹೆಸರು ಜೊತೆಗೇ ಬರುತ್ತವೆ: ನಂಜುಂಡಪ್ಪ ವರದಿ ಮತ್ತು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ. ಎರಡನೆಯದು ಓದಿಕೊಂಡರೆ ತಿಳಿಯುತ್ತದೆ. ಮೊದಲನೆಯದರ ಒಳಗೆ ಒಂದು ಲೆಕ್ಕ ಕೂತಿದೆ. ಅದು ತಲೆಗೆ ಹತ್ತುವವರೆಗೂ ‘ನಮ್ಮ ಪಾಲು ಕೊಡಿ’ ಎಂಬುದು ಬರೀ ಗೋಗರೆತ. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಆ ಲೆಕ್ಕಕ್ಕೇ ಮೀಸಲು.

ಮೊದಲು ಗೊತ್ತಿರಬೇಕಾದಷ್ಟು

ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನು ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದವನ್ನು ಒಳಗೊಂಡ 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು ಪ್ರತಿ ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. 0.89ರಿಂದ 0.99 ಹಿಂದುಳಿದ, 0.80ರಿಂದ 0.88 ಅತಿ ಹಿಂದುಳಿದ, 0.53ರಿಂದ 0.79 ಅತ್ಯಂತ ಹಿಂದುಳಿದ ತಾಲ್ಲೂಕು. ಈ ಮೂರರಲ್ಲಿ ಕ್ರಮವಾಗಿ 35, 40, 39 ತಾಲ್ಲೂಕುಗಳು, ಒಟ್ಟು 114.

ಸಿಕ್ಕಿಕೊಳ್ಳುವ ಜಾಗ

ಈ 114ರಲ್ಲಿ ಉತ್ತರ ಕರ್ನಾಟಕದವು 59, ದಕ್ಷಿಣದವು 55. ಹೆಚ್ಚುಕಡಿಮೆ ಸರಿಸಮ. ಆದರೆ ವಿಶೇಷ ಅಭಿವೃದ್ಧಿ ಯೋಜನೆಯ ಹಣವನ್ನು ಉತ್ತರಕ್ಕೆ ಶೇ 60, ದಕ್ಷಿಣಕ್ಕೆ ಶೇ 40 ಎಂದು ಹಂಚಬೇಕೆಂದು ವರದಿ ಹೇಳುತ್ತದೆ. ವಿಭಾಗವಾರು ನೋಡಿದರೆ ಕಲಬುರಗಿಗೆ 40, ಬೆಳಗಾವಿಗೆ 20, ಬೆಂಗಳೂರಿಗೆ 25, ಮೈಸೂರಿಗೆ 15. ಮೇಲ್ನೋಟಕ್ಕೆ ಇದು ರಾಜಕೀಯ ಕೊಡುಕೊಳ್ಳುವಿಕೆಯಂತೆ ಕಾಣುತ್ತದೆ. ಹಾಗಲ್ಲ.

ಸಮಿತಿ ತಾಲ್ಲೂಕುಗಳ ತಲೆ ಎಣಿಸಲಿಲ್ಲ, ಕೊರತೆಯ ಆಳವನ್ನು ಕೂಡಿಸಿತು. ಪ್ರತಿ ಹಿಂದುಳಿದ ತಾಲ್ಲೂಕು 1ಕ್ಕಿಂತ ಎಷ್ಟು ಕೆಳಗಿದೆ ಎಂಬುದೇ ಅದರ ಕೊರತೆ. ಅವನ್ನೆಲ್ಲ ಕೂಡಿಸಿದರೆ ಬರುವುದು ಸಂಚಿತ ಕೊರತೆ ಸೂಚ್ಯಂಕ. ಹಣದ ಪಾಲು ಈ ಮೊತ್ತದ ಪ್ರಮಾಣದಲ್ಲಿ.

ಕಾಲ್ಪನಿಕ ಅಂಕಿಗಳಿಂದ ಮಾಡಿ ನೋಡೋಣ. ‘ಅ’ ಪ್ರದೇಶದಲ್ಲಿ ನಾಲ್ಕು ಹಿಂದುಳಿದ ತಾಲ್ಲೂಕುಗಳು: 0.96, 0.94, 0.92, 0.90. ಇವುಗಳ ಕೊರತೆ 0.04, 0.06, 0.08, 0.10; ಮೊತ್ತ 0.28. ‘ಆ’ ಪ್ರದೇಶದಲ್ಲೂ ನಾಲ್ಕೇ: 0.88, 0.76, 0.66, 0.58. ಕೊರತೆ 0.12, 0.24, 0.34, 0.42, ಮೊತ್ತ 1.12. ಎರಡೂ ಸೇರಿ 1.40. ಆಗ ‘ಅ’ಗೆ ಶೇ 20, ‘ಆ’ಗೆ ಶೇ 80. ತಾಲ್ಲೂಕುಗಳ ಸಂಖ್ಯೆ ಎರಡೂ ಕಡೆ ನಾಲ್ಕೇ, ಹಣ ಮಾತ್ರ ನಾಲ್ಕು ಪಟ್ಟು.

ಇನ್ನು ನಿಜವಾದ ಅಂಕಿಗಳತ್ತ ಬನ್ನಿ. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು, 13 ದಕ್ಷಿಣದವು. ಆ 26ರಲ್ಲಿ 21 ಕಲಬುರಗಿ ವಿಭಾಗವೊಂದರಲ್ಲೇ ಇವೆ. 60–40ರ ಗುಟ್ಟು ಇಷ್ಟೇ.

ಇದರ ಬೆನ್ನಿಗೇ ಎರಡು ಸೂಕ್ಷ್ಮಗಳಿವೆ.

ಒಂದು, ಮುಂದುವರಿದ ತಾಲ್ಲೂಕಿನ ಹೆಚ್ಚಳವನ್ನು ಕೊರತೆಯಿಂದ ಕಳೆಯುವುದಿಲ್ಲ. ಒಂದು ಜಿಲ್ಲೆಯಲ್ಲಿ 1.20ರ ತಾಲ್ಲೂಕೊಂದು, 0.80ರದ್ದೊಂದು ಇದೆ ಎನ್ನಿ. ಜಿಲ್ಲೆಯ ಸರಾಸರಿ 1, ಕೊರತೆ ಸೊನ್ನೆ! ತಾಲ್ಲೂಕುವಾರು ಹಿಡಿದರೆ 0.20 ಕೊರತೆ ಹಾಗೇ ಉಳಿಯುತ್ತದೆ. ‘ನಮ್ಮ ಜಿಲ್ಲೆ ಹಿಂದುಳಿದಿದೆ’ ಎಂದು ಬರೆಯುವ ಮನವಿಪತ್ರ ತನ್ನ ವಾದವನ್ನು ತಾನೇ ಸಡಿಲಗೊಳಿಸಿಕೊಳ್ಳುತ್ತದೆ. ಜಿಲ್ಲಾ ಕೇಂದ್ರದ ಅಂಗಡಿ, ಬ್ಯಾಂಕು, ಕಾಲೇಜುಗಳು ಗಡಿ ತಾಲ್ಲೂಕಿನ ಕೊರತೆಯನ್ನು ಮುಚ್ಚಿಬಿಡುತ್ತವೆ. ತಾಲ್ಲೂಕಿನ ಹೆಸರು ಹಿಡಿದೇ ಬರೆಯಬೇಕು.

ಎರಡು, ಈಗ ತಾಲ್ಲೂಕುಗಳ ಸಂಖ್ಯೆ 230 ದಾಟಿದೆ. 0.60ರ ಒಂದು ತಾಲ್ಲೂಕನ್ನು ಎರಡು ಮಾಡಿ, ಎರಡಕ್ಕೂ 0.60 ಬಂದರೆ 0.40 ಇದ್ದ ಕೊರತೆ ಕಾಗದದ ಮೇಲೆ 0.80 ಆಗುತ್ತದೆ. ಜನರ ಪಾಡು ಮಾತ್ರ ಇದ್ದಂತೆಯೇ ಇರುತ್ತದೆ. ಸೂತ್ರದ ಈ ದೌರ್ಬಲ್ಯವನ್ನು ಉತ್ತರ ಕರ್ನಾಟಕದ ನಮ್ಮ ಕಡೆಯವರು ಬಾಯಿ ಬಿಟ್ಟು ಹೇಳುವುದಿಲ್ಲ, ಏಕೆಂದರೆ ಲಾಭ ನಮಗೇ! ಆದರೆ ಹಣಕಾಸು ಇಲಾಖೆಯವರು ಕೇಳಿದರೆ ಉತ್ತರ ಬೇಕು: ಹೊಸ ತಾಲ್ಲೂಕುಗಳಿಗೆ ಜನಸಂಖ್ಯೆಯ ತೂಕ ಸೇರಿಸಿ ಲೆಕ್ಕ ಹಾಕಬೇಕೆಂದು ನಾವೇ ಮೊದಲು ಹೇಳುವುದು ಒಳ್ಳೆಯದು. ಅಸಮತೋಲನವನ್ನು ಹೊಸದಾಗಿ ಅಳೆಯಲು ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ 2024ರಲ್ಲಿ ಸಮಿತಿ ರಚನೆಯಾದದ್ದರ ಹಿಂದೆ 2002ರ ಅಂಕಿಗಳು ಹಳತಾದ ಸಂಗತಿಯೂ ಇದೆ.

ಹೆಚ್ಚುವರಿಯೋ, ಬದಲಿಯೋ?

ವರದಿ ಎಂಟು ವರ್ಷಗಳಿಗೆ ಕೇಳಿದ್ದು 31,000 ಕೋಟಿ ರೂಪಾಯಿ. ಅದರಲ್ಲಿ 16,000 ಕೋಟಿ ಹೆಚ್ಚುವರಿ, 15,000 ಕೋಟಿ ಮಾಮೂಲಿ ಯೋಜನೆಗಳಿಂದ. ಎರಡನ್ನೂ ಬಿಡಿಬಿಡಿಯಾಗಿ ಇಟ್ಟಿರುವುದನ್ನು ಗಮನಿಸಿ. ವಿಶೇಷ ಹಣ ಬಂತೆಂದು ಲೋಕೋಪಯೋಗಿ ಇಲಾಖೆ ಆ ತಾಲ್ಲೂಕಿನಲ್ಲಿ ತನ್ನ ಮಾಮೂಲಿ ರಸ್ತೆ ಕಾಮಗಾರಿಯನ್ನು ಕಡಿಮೆ ಮಾಡಿದರೆ ಒಟ್ಟು ಮೊತ್ತ ಇದ್ದಲ್ಲೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಆದ್ದರಿಂದ ವಿಶೇಷ ಅನುದಾನದ ಜೊತೆಗೆ ಇಲಾಖೆಯ ಮಾಮೂಲಿ ವೆಚ್ಚದ ಅಂಕಿಯನ್ನೂ ಕೇಳಿ ತರಿಸಿಕೊಳ್ಳಿ.

ಇದೇ ಎಚ್ಚರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವಿಷಯದಲ್ಲೂ ಬೇಕು. 2022–23ರ ಬಜೆಟ್ ಮಂಡಳಿಗೆ 3,000 ಕೋಟಿ ಘೋಷಿಸಿತು, 2023–24ರದು 5,000 ಕೋಟಿ. ಘೋಷಣೆ ಬೇರೆ, ಬಿಡುಗಡೆ ಬೇರೆ, ವೆಚ್ಚ ಬೇರೆ. ಒಂದೇ ವರ್ಷದ ಅಂಕಿ ಮೂರು ಬಜೆಟ್ ಪುಸ್ತಕಗಳಲ್ಲಿ ಬರುತ್ತದೆ: 2022–23ರದು ಆ ವರ್ಷದ ಪುಸ್ತಕದಲ್ಲಿ ‘ಆಯವ್ಯಯ ಅಂದಾಜು’, ಮುಂದಿನ ವರ್ಷ ‘ಪರಿಷ್ಕೃತ ಅಂದಾಜು’, ಅದರ ಮುಂದಿನ ವರ್ಷ ‘ಲೆಕ್ಕ’, ಅಂದರೆ ನಿಜಕ್ಕೂ ಆದ ವೆಚ್ಚ. ಮೂರು ಪುಸ್ತಕಗಳನ್ನು ಪಕ್ಕಪಕ್ಕ ಹರವಿಕೊಂಡು ಒಂದೇ ಲೆಕ್ಕಶೀರ್ಷಿಕೆಯ ಸಾಲಿನ ಮೇಲೆ ಬೆರಳಿಟ್ಟು ಹೋಗಿ. ನನಗೆ ಇದಕ್ಕಿಂತ ಪ್ರಿಯವಾದ ಅಡ್ಡದಾರಿ ಇನ್ನೊಂದಿಲ್ಲ; ಭಾಷಣಗಳನ್ನು ಓದುವ ಶ್ರಮವೂ ತಪ್ಪುತ್ತದೆ.

ಶಿಕ್ಷಣದ ಹಣ

371(ಜೆ) ಬಂದದ್ದು 2012ರ 98ನೇ ಸಂವಿಧಾನ ತಿದ್ದುಪಡಿಯಿಂದ. ಪ್ರತ್ಯೇಕ ಮಂಡಳಿ, ಅದರ ಕೆಲಸದ ಬಗ್ಗೆ ಪ್ರತಿವರ್ಷ ವಿಧಾನಸಭೆಗೆ ವರದಿ, ರಾಜ್ಯದ ಒಟ್ಟು ಅಗತ್ಯಕ್ಕೆ ಒಳಪಟ್ಟು ನ್ಯಾಯಯುತ ಹಣ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಅವಕಾಶ ಇದರ ತಿರುಳು. ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿ ಪ್ರದೇಶದೊಳಗೆ ಶೇ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಸೀಟು ಸಿಕ್ಕರೂ ಪಾಠ ಮಾಡುವವರು ಬೇಕಲ್ಲ. ಕೊಠಡಿ ಕಟ್ಟುವುದು ಒಂದು ಸಲದ ಖರ್ಚು, ಶಿಕ್ಷಕರ ಸಂಬಳ ತಿಂಗಳು ತಿಂಗಳೂ ಬರುವ ಖರ್ಚು. ಕೊಠಡಿಗೆ ಮಂಡಳಿಯ ಕಾಮಗಾರಿ ಹಣ ಸಾಕು. ಕಾಯಂ ಹುದ್ದೆಗೆ ಶಿಕ್ಷಣ ಇಲಾಖೆಯ ನೇಮಕಾತಿ, ಅದಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ‘ಶಿಕ್ಷಣಕ್ಕೆ ಹೆಚ್ಚಿನ ಅನುದಾನ’ ಎಂದಷ್ಟೇ ಕೇಳಿದರೆ ಸಿಗುವುದು ಕಟ್ಟಡ. ಉದ್ದಿಮೆದಾರರಿಗೆ ಬೇಕಾದದ್ದು ಐಟಿಐ, ಪಾಲಿಟೆಕ್ನಿಕ್‌ಗಳಿಂದ ಕೆಲಸ ಕಲಿತು ಹೊರಬರುವ ಹುಡುಗ ಹುಡುಗಿಯರು. ಹಾಗಾದರೆ ಯಾವ ತಾಲ್ಲೂಕಿನ ಯಾವ ಸಂಸ್ಥೆಯಲ್ಲಿ ಎಷ್ಟು ಬೋಧಕ ಹುದ್ದೆ ಖಾಲಿ ಎಂಬ ಪಟ್ಟಿಯನ್ನೇ ಮನವಿಪತ್ರಕ್ಕೆ ಲಗತ್ತಿಸಬೇಕು.

ಯಾವ ಬಾಗಿಲು?

ರಾಯಚೂರಿಗೆ ಏಮ್ಸ್, ಹೊಸ ರೈಲು ಮಾರ್ಗ ಇವು ದೆಹಲಿಯ ತೀರ್ಮಾನಗಳು. ರಾಜ್ಯ ಜಾಗ ಕೊಡಬಹುದು, ವೆಚ್ಚದ ಪಾಲು ಹೊರಬಹುದು, ಶಿಫಾರಸು ಮಾಡಬಹುದು. ಕೈಗಾರಿಕಾ ಪ್ರದೇಶದ ಒಳರಸ್ತೆ, ವಿದ್ಯುತ್ ಉಪಕೇಂದ್ರ, ಸರ್ಕಾರಿ ಪಾಲಿಟೆಕ್ನಿಕ್ ಬೆಂಗಳೂರಿನ ಕೈಯಲ್ಲಿವೆ. ಎರಡನ್ನೂ ಒಂದೇ ಪತ್ರಕ್ಕೆ ತುಂಬಿದರೆ ಮುಖ್ಯಮಂತ್ರಿ ಕಚೇರಿಗೆ ‘ಕೇಂದ್ರಕ್ಕೆ ಬರೆಯುತ್ತೇವೆ’ ಎನ್ನುವ ಸುಲಭದ ದಾರಿ ನಾವೇ ತೋರಿಸಿದಂತೆ. ಪತ್ರಗಳು ಎರಡಾಗಲಿ. ರಾಜ್ಯದ್ದು ಇಲಾಖೆಗಳು ತಮ್ಮ ಅಂದಾಜು ಕಳುಹಿಸುವ ಮೊದಲೇ, ಅಂದರೆ ಬಜೆಟ್‌ಗೆ ಕೆಲವು ತಿಂಗಳು ಮುಂಚೆಯೇ ತಲುಪಬೇಕು.