ಸರ್ಕಾರಿ ದಾಖಲೆಗಳ ಮರುಬಳಕೆ: ಕೋಲಾರದ ಇತಿಹಾಸ ಬರೆಯುವವರಿಗೆ ಟಿಪ್ಪಣಿ

ಕೋಲಾರ, ಚಿಕ್ಕಬಳ್ಳಾಪುರದ ಊರುಗಳ ಇತಿಹಾಸವನ್ನು ಜಾಲತಾಣಕ್ಕೆ ಏರಿಸಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಸರ್ಕಾರ ಅಚ್ಚುಹಾಕಿಸಿದ ಪುಸ್ತಕಗಳು. ‘ಸರ್ಕಾರದ್ದಲ್ಲವೇ, ಹಾಕಿದರಾಯಿತು’ ಎಂದುಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರಿ ಕೃತಿಯ ಮೊದಲ ಒಡೆತನ ಸರ್ಕಾರದ್ದು. ಆ ಹಕ್ಕು ಎಷ್ಟು ಕಾಲ ಎಂಬುದು 28ನೇ ಕಲಂನಲ್ಲಿದೆ: ಪ್ರಕಟವಾದ ಮರುವರ್ಷದ ಜನವರಿ 1ರಿಂದ 60 ವರ್ಷ.

ಲೆಕ್ಕ ಹಾಕಿ ನೋಡೋಣ. ಜಿಲ್ಲೆಯ ಸಮಗ್ರ ವಿವರ ಕೊಡುವ ಸರ್ಕಾರಿ ಗ್ರಂಥ, ಅಂದರೆ ಕೋಲಾರ ಜಿಲ್ಲಾ ಗ್ಯಾಸೆಟಿಯರ್, ಹೊರಬಂದದ್ದು 1968ರಲ್ಲಿ. ಅವಧಿ ಮುಗಿಯುವುದು 2028ರ ಡಿಸೆಂಬರ್ 31ಕ್ಕೆ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯೊಳಗೇ ಇದ್ದುದರಿಂದ ಅಲ್ಲಿಯವರಿಗೂ ಇದೇ ತಾರೀಖು. ಅಲ್ಲಿಯವರೆಗೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಾಕಲು ಅನುಮತಿ ಬೇಕು. ಅದರೊಳಗಿನ ಸಂಗತಿಗಳಿಗೆ ಮಾತ್ರ ಯಾರೂ ಒಡೆಯರಲ್ಲ. ಕೆರೆಗಳ ವಿವರ, ಮಳೆಯ ಅಂಕಿ, ಪಾಳೆಯಗಾರರ ಆಳ್ವಿಕೆಯ ಕಾಲ, ಇವನ್ನು ನಿಮ್ಮ ಮಾತಿನಲ್ಲಿ ಬರೆದು ಆಕರ ಹೆಸರಿಸಿ, ಧೈರ್ಯವಾಗಿ ಬಳಸಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದ ಅವಧಿ ಎಂದೋ ತೀರಿದೆ. ಹಳೆಯ ಸಂಪುಟಕ್ಕೆ ಈಚೆಗೆ ಯಾರಾದರೂ ಹೊಸ ಪೀಠಿಕೆ, ಅನುವಾದ ಸೇರಿಸಿದ್ದರೆ ಆ ಹೊಸ ಭಾಗದ ಲೆಕ್ಕ ಬೇರೆ.

52ನೇ ಕಲಂ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ. ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಬಂದ ಅಧಿಸೂಚನೆಗಳು, ಸದನದಲ್ಲಿ ಮಂಡಿಸಿದ ಸಮಿತಿ-ಆಯೋಗಗಳ ವರದಿಗಳು, ನ್ಯಾಯಾಲಯದ ತೀರ್ಪುಗಳನ್ನು 60 ವರ್ಷ ಕಾಯದೆ ಮರುಪ್ರಕಟಿಸಬಹುದು. ವರದಿಯ ಮರುಪ್ರಕಟಣೆಯನ್ನು ಸರ್ಕಾರ, ತೀರ್ಪಿನದನ್ನು ನ್ಯಾಯಾಲಯ ನಿಷೇಧಿಸಿರಬಾರದು, ಅಷ್ಟೆ. ಕಾಯ್ದೆಯ ಪಠ್ಯವಾದರೆ ಜೊತೆಗೆ ನಿಮ್ಮ ವ್ಯಾಖ್ಯಾನವೋ ಸ್ವಂತ ಬರಹವೋ ಇರಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರಿನ ಬಗ್ಗೆ ವೇಪಾ ರಾಮೇಶಂ ಸಮಿತಿ ಕೊಟ್ಟ ವರದಿಗಂತೂ ಈ ವಿನಾಯಿತಿಯೂ ಬೇಕಿಲ್ಲ. ಅದರ 60 ವರ್ಷ ಕಳೆದು ಬಹಳ ಕಾಲವಾಯಿತು. ಇಂಥ ದಾಖಲೆ ಜನರ ಕಣ್ಣಿಗೆ ಬೀಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಚ್ಚರ ಬೇಕಾದದ್ದು ಅಚ್ಚಾಗದ ಕಡತಗಳಲ್ಲಿ. ವರ್ಷ ಎಣಿಸುವುದು ಬರೆದ ವರ್ಷ ನೋಡಿ ಅಲ್ಲ, ಪ್ರಕಟವಾದ ವರ್ಷ ನೋಡಿ. ಅಮಲ್ದಾರರೊಬ್ಬರು 1940ರಲ್ಲಿ ಬರೆದ ಪತ್ರ ಪತ್ರಾಗಾರದಲ್ಲೇ ಉಳಿದಿದ್ದರೆ 28ನೇ ಕಲಂನ ಎಣಿಕೆ ಇನ್ನೂ ಶುರುವಾಗಿಯೇ ಇಲ್ಲ. ಮಾಹಿತಿ ಹಕ್ಕಿನಲ್ಲಿ ಪ್ರತಿ ಸಿಕ್ಕಿತೆಂದರೆ ಓದಲು ಸಿಕ್ಕಿತು ಎಂದರ್ಥ, ಮರುಮುದ್ರಣಕ್ಕೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಕಡತದ ಸಂಖ್ಯೆ, ಬೇಕಾದ ಪುಟಗಳು, ಹಾಕುವ ಜಾಗ, ಮೂರನ್ನೂ ನಮೂದಿಸಿ ಪತ್ರಾಗಾರಕ್ಕೆ ಅರ್ಜಿ ಬರೆಯಿರಿ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.