ಬಸಿಯದ ಬೆನ್ನುಹುರಿ

ಮಂಡ್ಯ ಸೀಮೆಯಲ್ಲಿ ಜಮೀನು ನೀರಿನಿಂದ ಎರಡು ಬಗೆಯಲ್ಲಿ ಕೆಡುತ್ತದೆ. ನಾಲೆಯ ಕೊನೆಗೆ ನೀರು ತಲುಪದೆ ಒಣಗುವುದು ಒಂದು. ಅದು ಪೇಪರಿನಲ್ಲಿ ಬರುತ್ತದೆ, ಅದಕ್ಕಾಗಿ ರಸ್ತೆ ತಡೆಯೂ ನಡೆಯುತ್ತದೆ. ಇನ್ನೊಂದು ಸದ್ದಿಲ್ಲದ್ದು. ಬಸಿಗಾಲುವೆ ತುಂಬಿ ನಿಂತು, ಹೊಲದ ನೀರು ಆಚೆ ಹೋಗಲಾರದೆ, ಕಬ್ಬಿನ ಬೇರು ಉಸಿರುಕಟ್ಟಿ ಗರಿ ಹಳದಿಯಾಗುತ್ತದೆ. ಜವಳು ಹಿಡಿಯಿತು ಎನ್ನುತ್ತಾರೆ.

ನನ್ನ ಸೋದರಮಾವನ ಬೆನ್ನುಹುರಿಗೆ ಹಿಡಿದದ್ದು ಈ ಎರಡನೆಯದು.

ಅವರಿಗೆ ಆಗ 58. "ನಾಲೆ ಏರಿ ಮೇಲೆ ಒಂದು ಫರ್ಲಾಂಗು ನಡುದ್ರೆ ಕಾಲು ನಂದಲ್ಲ ಅನ್ನಂಗಾಯ್ತದೆ ಕಣ್ಲಾ, ಕುಂತ್ರೆ ಸರಿಹೋಯ್ತದೆ" ಅನ್ನುತ್ತಿದ್ದರು. ಡಿಸ್ಕ್ ಅಂದರು, ಬೆಲ್ಟ್ ಕಟ್ಟಿದರು. ಪಾದ ಜೋಮು ಹಿಡಿದಾಗ ಸಕ್ಕರೆ ಕಾಯಿಲೆಯ ಮೇಲೆ ಹಾಕಿದರು. ಮೂತ್ರ ಕಟ್ಟಲು ಶುರುವಾದಾಗ, ವಯಸ್ಸಾಯಿತು, ಪ್ರಾಸ್ಟೇಟ್ ಇರಬೇಕು ಅಂದರು. ಒಂದೂವರೆ ವರ್ಷ ಹೀಗೇ ಹೋಯಿತು. ಮೂರೂ ತೊಂದರೆ ಒಂದೇ ಕಡೆಯಿಂದ ಬರುತ್ತಿರಬಹುದೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಕಾಯಿಲೆಯ ಹೆಸರು ಸ್ಪೈನಲ್ ಡ್ಯೂರಲ್ ಆರ್ಟೀರಿಯೋವೀನಸ್ ಫಿಸ್ಟುಲಾ. ಬೆನ್ನುಹುರಿಯನ್ನು ಸುತ್ತಿದ ಗಟ್ಟಿ ಹೊರಪೊರೆಗೆ ಡ್ಯೂರಾ ಎಂದು ಹೆಸರು. ನರದ ಬೇರು ಈ ಪೊರೆಯನ್ನು ದಾಟುವ ಜಾಗದಲ್ಲಿ ಒಂದು ಸಣ್ಣ ಅಪಧಮನಿ, ಅಂದರೆ ರಕ್ತ ತರುವ ನಾಳ, ನೇರವಾಗಿ ಅಭಿಧಮನಿಯೊಳಕ್ಕೆ, ಅಂದರೆ ರಕ್ತ ಮರಳಿಸುವ ನಾಳದೊಳಕ್ಕೆ ತೆರೆದುಕೊಳ್ಳುತ್ತದೆ. ಆ ತೂತೇ ಫಿಸ್ಟುಲಾ. ನಡುವೆ ಇರಬೇಕಾದ ಲೋಮನಾಳಗಳ ಜಾಲವೇ ಇಲ್ಲ. ನಾಲೆಯ ನೀರು ಹೊಲಕ್ಕೆ ಹಾಯದೆ ಏರಿ ಒಡೆದು ಬಸಿಗಾಲುವೆಗೇ ನುಗ್ಗಿದ ಹಾಗೆ. ಸೋರುವ ರಕ್ತ ತೀರ ಕಡಿಮೆ, ಅದರಿಂದ ಬೆನ್ನುಹುರಿಗೆ ಕೊರತೆಯಾಗದು. ಕೆಡುಕು ಆಗುವುದು ಆಚೆ ಬದಿಯಲ್ಲಿ. ಇಂಥ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಅಳೆದು ನೋಡಿದಾಗ ಈ ಅಭಿಧಮನಿಯ ಒತ್ತಡ ದೇಹದ ಅಪಧಮನಿಗಳ ಒತ್ತಡದ ಸುಮಾರು ಮುಕ್ಕಾಲು ಭಾಗದಷ್ಟಿತ್ತು. ಅಷ್ಟು ಒತ್ತಡದ ಎದುರು ಬೆನ್ನುಹುರಿಯ ರಕ್ತ ಬಸಿದು ಹೋಗುವುದಾದರೂ ಹೇಗೆ? ಹುರಿ ಊದಿಕೊಳ್ಳುತ್ತದೆ, ಆಮ್ಲಜನಕಕ್ಕೆ ಬಾಯಿಬಿಡುತ್ತದೆ. ನಡೆದಾಗ, ತಿಣುಕಿದಾಗ, ಭಾರ ಎತ್ತಿದಾಗ ಒತ್ತಡ ಇನ್ನೂ ಏರುತ್ತದೆ. ಮಾವನ ಆ ಒಂದು ಫರ್ಲಾಂಗಿನ ಲೆಕ್ಕ ಇದೇ.

ಇನ್ನೊಂದು ಮಾತು ಇದೆ, ವೈದ್ಯರನ್ನೂ ದಾರಿತಪ್ಪಿಸುವಂಥದ್ದು. ಬೆನ್ನುಹುರಿಯ ಅಭಿಧಮನಿಗಳಿಗೆ ಕವಾಟಗಳಿಲ್ಲ. ಹಾಗಾಗಿ ತೂತು ಎದೆಯ ಮಟ್ಟದಲ್ಲಿದ್ದರೂ ಒತ್ತಡ ಕೆಳಗಿಳಿದು ಹುರಿಯ ತುದಿಯನ್ನೇ ಹೆಚ್ಚು ಕೆಡಿಸುತ್ತದೆ. ಕಾಲು, ಮೂತ್ರ, ಮಲ, ಮೂರರ ನರಗಳೂ ಅಲ್ಲೇ ಇವೆ. ಮೇಲೆಲ್ಲೋ ಏರಿ ಒಡೆದರೆ ಜವಳು ಹಿಡಿಯುವುದು ತಗ್ಗಿನ ಹೊಲಕ್ಕೆ.

ಇದು ಅಪರೂಪದ ಕಾಯಿಲೆ, ಆದರೂ ಬೆನ್ನುಹುರಿಯ ರಕ್ತನಾಳದ ದೋಷಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 5ರಿಂದ 10 ಮಂದಿಗೆ ಬರುತ್ತದೆ ಎಂಬ ಅಂದಾಜಿದೆ. 2011ರ ಜನಗಣತಿಯಂತೆ 18 ಲಕ್ಷ ಜನರಿರುವ ಮಂಡ್ಯ ಜಿಲ್ಲೆಗೆ ಈ ಅಂದಾಜನ್ನು ಹೊಂದಿಸಿದರೆ ವರ್ಷಕ್ಕೆ ಒಂಬತ್ತರಿಂದ ಹದಿನೆಂಟು ಜನ. ಹೆಚ್ಚಿನವರು ಐವತ್ತು ದಾಟಿದ ಗಂಡಸರು. ಇವರಲ್ಲಿ ಎಷ್ಟು ಜನ "ಲಕ್ವ ಹೊಡೀತು" ಎಂದುಕೊಂಡು ಜಗುಲಿಯಲ್ಲೇ ಕೂತುಬಿಟ್ಟಿದ್ದಾರೋ ಎಂಬುದು ನನ್ನನ್ನು ಬಿಡದ ಯೋಚನೆ.

ಮಾವನ ಸೊಂಟದ ಎಂಆರ್‌ಐ ಮೊದಲೇ ಆಗಿತ್ತು. ಬೆನ್ನುಹುರಿ ಮುಗಿಯುವುದು ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರ, ಅಂದರೆ ಆ ಚಿತ್ರದ ಮೇಲಂಚಿನಲ್ಲಿ. ಡಿಸ್ಕ್ ಹುಡುಕುವ ಕಣ್ಣು ಅಲ್ಲಿಗೆ ಏರುವುದು ಕಡಿಮೆ. ಆಮೇಲೆ ಎದೆಭಾಗವನ್ನೂ ಸೇರಿಸಿ ತೆಗೆದಾಗ ಹುರಿಯ ನಡುವೆ ಉದ್ದಕ್ಕೆ ಬಿಳಿ ಪಟ್ಟಿ ಕಂಡಿತು. ಅದು ಊತ. ಅದನ್ನು ಉರಿಯೂತ ಎಂದು ತಿಳಿದು ಒಂದು ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಮರುದಿನ ಮಾವನಿಗೆ ಎದ್ದು ನಿಲ್ಲಲಾಗಲಿಲ್ಲ.

ಆ ದಿನ ನಮಗೆ ಆಕಾಶ ಕಳಚಿಬಿದ್ದಂತಾಗಿತ್ತು. ಆದರೆ ರೋಗ ಹಿಡಿಯಲು ನೆರವಾದದ್ದೂ ಅದೇ. ಸ್ಟೀರಾಯ್ಡ್ ಕೊಟ್ಟಾಗ ಈ ಫಿಸ್ಟುಲಾ ಇದ್ದವರ ಕಾಲು ಥಟ್ಟನೆ ಸೋಲಬಹುದು, ಇದು ವೈದ್ಯಲೋಕದಲ್ಲಿ ದಾಖಲಾಗಿರುವ ವಿಷಯ. ಮೈಸೂರಿನಲ್ಲಿ ನೋಡಿದ ನರರೋಗ ತಜ್ಞೆ ಅದನ್ನು ಕೇಳಿದ ಕೂಡಲೇ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು. ಹುರಿಯ ಹಿಂಬದಿಗೆ ಕಪ್ಪು ಚುಕ್ಕೆಗಳ ಸಾಲು. ರಕ್ತ ರಭಸವಾಗಿ ಹರಿಯುವ ಕಡೆ ಎಂಆರ್‌ಐ ಕಪ್ಪಾಗಿ ಕಾಣುತ್ತದೆ. ಅವು ಉಬ್ಬಿ ಸುರುಳಿಗೊಂಡ ಅಭಿಧಮನಿಗಳು.

ತೂತು ಎಲ್ಲಿದೆ ಎಂದು ಖಚಿತವಾಗಿ ತಿಳಿಯಲು ಬೆನ್ನುಹುರಿಯ ಆಂಜಿಯೋಗ್ರಾಮ್ ಬೇಕು. ತೊಡೆಸಂದಿಯ ರಕ್ತನಾಳದಿಂದ ಸಪೂರ ಕೊಳವೆ ತೂರಿಸಿ, ಪಕ್ಕೆಲುಬಿನ ಮತ್ತು ಸೊಂಟದ ಅಪಧಮನಿಗಳಿಗೆ ಎಡ ಬಲ ಒಂದೊಂದಾಗಿ ಬಣ್ಣದ ದ್ರವ ಬಿಟ್ಟು ನೋಡುತ್ತಾರೆ. ನೀರಗಂಟಿ ಒಂದೊಂದೇ ತೂಬು ತೆಗೆದು ಸೋರಿಕೆ ಹುಡುಕಿದ ಹಾಗೆ. ಗಂಟೆಗಟ್ಟಲೆ ಹಿಡಿಯುತ್ತದೆ, ಪ್ರತಿ ಸಲವೂ ಉಸಿರು ಬಿಗಿಹಿಡಿಯಬೇಕು. ಮಾವನಿಗೆ ಬೆಂಗಳೂರಿನಲ್ಲಿ ಮಾಡಿಸಿದೆವು. ತೂತು ಎಡಗಡೆ, ಏಳನೆಯ ಪಕ್ಕೆಲುಬಿನ ಮಟ್ಟದಲ್ಲಿತ್ತು.

ಮುಚ್ಚಲು ಎರಡು ದಾರಿ. ಅದೇ ಕೊಳವೆಯಿಂದ ಅಂಟುದ್ರವ ಬಿಡುವುದು ಒಂದು. ಅಂಟು ತೂತನ್ನು ದಾಟಿ ಅಭಿಧಮನಿಯ ಬಾಯಿಯವರೆಗೆ ಹೋಗಲೇಬೇಕು, ಹಿಂದೆಯೇ ನಿಂತರೆ ಸೋರಿಕೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ. 1882ರಲ್ಲಿ ಆಡಮ್‌ಕೀವಿಚ್ ಎಂಬ ವೈದ್ಯರು ವಿವರಿಸಿದ ದೊಡ್ಡ ಅಪಧಮನಿ ಬೆನ್ನುಹುರಿಯ ಕೆಳಭಾಗವನ್ನು ಸಾಕುತ್ತದೆ. ಅದೂ ಅದೇ ಕವಲಿನಿಂದ ಹೊರಟಿದ್ದರೆ ಅಂಟಿನ ಮಾತೇ ಇಲ್ಲ, ಒಂದು ಹನಿ ದಾರಿ ತಪ್ಪಿದರೂ ಎರಡೂ ಕಾಲು ಹೋಗಬಹುದು. ಆಗ ಉಳಿಯುವುದು ಶಸ್ತ್ರಚಿಕಿತ್ಸೆ: ಬೆನ್ನುಮೂಳೆಯ ಹಿಂಭಾಗವನ್ನು ಸ್ವಲ್ಪ ತೆಗೆದು, ಪೊರೆ ಬಿಡಿಸಿ, ಒಳಗೆ ಬರುವ ಆ ಒಂದೇ ಅಭಿಧಮನಿಗೆ ಕ್ಲಿಪ್ ಹಾಕಿ ಕತ್ತರಿಸುವುದು. ಕ್ಲಿಪ್ ಬಿದ್ದ ಮೇಲೆ ಕೆಂಪಾಗಿ ಬಿಗಿದಿದ್ದ ನಾಳಗಳು ಸಡಿಲಗೊಂಡು ನೀಲಿಗೆ ತಿರುಗುತ್ತವೆ.

ಇಷ್ಟು ಸರಳವಾದದ್ದು ತಿಳಿಯಲು ದಶಕಗಳೇ ಬೇಕಾದವು. 1926ರಲ್ಲಿ ಫ್ರಾನ್ಸಿನ ಫುವಾ ಮತ್ತು ಅಲಾಜುವಾನಿನ್ ಇಂಥ ರೋಗಿಗಳನ್ನು ವರ್ಣಿಸಿದ ಮೇಲೆ, ಅಲ್ಲಿ ರಕ್ತ ಹೆಪ್ಪುಗಟ್ಟಿದೆ, ಮತ್ತೆ ಸರಿಹೋಗದು ಎಂಬ ನಂಬಿಕೆ ಬಹುಕಾಲ ಉಳಿಯಿತು. ಶಸ್ತ್ರವೈದ್ಯರು ಉಬ್ಬಿದ ನಾಳಗಳೇ ರೋಗವೆಂದು ಅವನ್ನು ಉದ್ದಕ್ಕೂ ಬಿಡಿಸಿ ತೆಗೆದದ್ದೂ ಉಂಟು. ಜವಳು ಹಿಡಿದ ಹೊಲದ ಬಸಿಗಾಲುವೆಯನ್ನೇ ಮುಚ್ಚಿದಂತೆ! 1977ರಲ್ಲಿ ಕೆಂಡಾಲ್ ಮತ್ತು ಲೋಗ್ ಎಂಬ ವೈದ್ಯರು, ತೂತು ಇರುವುದು ಹುರಿಯಲ್ಲಲ್ಲ, ಪೊರೆಯಲ್ಲಿ ಎಂದು ತೋರಿಸಿದ ಮೇಲೆ ಆ ಕತ್ತರಿ ನಿಂತಿತು.

ಮಾವನಿಗೆ ಕ್ಲಿಪ್ ಹಾಕಿದರು. ಮುಚ್ಚಿದ ಮೇಲೆ ನಡಿಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸುಧಾರಿಸುತ್ತದೆ, ಮೂತ್ರದ ತೊಂದರೆ ಅಷ್ಟು ಬೇಗ ಬಗ್ಗುವುದಿಲ್ಲ. ಎಷ್ಟು ಮರಳುತ್ತದೆ ಎಂಬುದು ಎಷ್ಟು ಬೇಗ ಮುಚ್ಚಿದರು ಎಂಬುದರ ಮೇಲೂ ನಿಂತಿದೆ, ನಮ್ಮ ಆ ಒಂದೂವರೆ ವರ್ಷ ನನ್ನನ್ನು ಚುಚ್ಚುವುದು ಅದಕ್ಕೇ. ಆರು ತಿಂಗಳ ಎಂಆರ್‌ಐನಲ್ಲಿ ಬಿಳಿ ಪಟ್ಟಿ ತೆಳ್ಳಗಾಗಿತ್ತು. ಈಗ ಕೋಲೂರಿಕೊಂಡು ತೂಬಿನವರೆಗೆ ಹೋಗಿಬರುತ್ತಾರೆ, ನಡುವೆ ಕೂರುವುದಿಲ್ಲ. ಮೂತ್ರಕ್ಕೆ ಮಾತ್ರ ದಿನಕ್ಕೆ ನಾಲ್ಕು ಸಲ ಅತ್ತೆ ಟ್ಯೂಬು ತೊಳೆದು ಕೊಡಬೇಕು.