‘ವಾಟರ್’ ನೌನಾ, ವರ್ಬಾ?

ಅಣ್ಣನ ಮಗಳು ಐದನೇ ಕ್ಲಾಸು. ಮೊನ್ನೆ ಟೆಸ್ಟ್ ಪೇಪರ್ ತಂದು ತೋರಿಸಿದ್ಳು. ‘ಪ್ಲೀಸ್ ವಾಟರ್ ದ ಪ್ಲಾಂಟ್ಸ್’ ಅನ್ನೋದ್ರಲ್ಲಿ ವಾಟರ್‌ಗೆ ವರ್ಬ್ ಅಂತ ಬರೆದಿದ್ಳು, ಅದನ್ನ ಕೆಂಪು ಇಂಕಲ್ಲಿ ಹೊಡೆದು ‘ನೌನ್’ ಅಂತ ತಿದ್ದಿದಾರೆ. ನಂಗೆ ಹೊಟ್ಟೆ ಉರೀತು. ಮಗು ಬರೆದಿದ್ದೇ ಸರಿ! ಗಿಡಕ್ಕೆ ನೀರು ಹಾಕು ಅಂತ ತಾನೆ ಅರ್ಥ, ‘ಹಾಕು’ ಅನ್ನೋ ಕೆಲಸಾನೂ ಅಲ್ಲಿ ವಾಟರ್ರೇ ಮಾಡ್ತಿದೆ.

ಪ್ರತಿ ಪದಕ್ಕೂ ಹುಟ್ಟಿದಾಗ್ಲೇ ಒಂದು ಜಾತಿ ಅಂಟ್ಕೊಂಡಿರತ್ತೆ ಅಂತ ನಾವು ನಂಬ್ಕೊಂಡುಬಿಟ್ಟಿದೀವಿ. ಇಂಗ್ಲಿಷಲ್ಲಿ ಹಾಗಿಲ್ಲ. ‘ರೌಂಡ್’ ತಗೊಳ್ಳಿ: ರೌಂಡ್ ಟೇಬಲ್, ಫೈನಲ್ ರೌಂಡ್, ರೌಂಡ್ ದ ಕಾರ್ನರ್, ಟರ್ನ್ ರೌಂಡ್, ಲೆಕ್ಕದಲ್ಲಿ ರೌಂಡ್ ಆಫ್ ಮಾಡೋದು, ಐದು ಕಡೆ ಐದು ಥರ.

ಸಾವಿರ ವರ್ಷದ ಹಿಂದೆ ಇಂಗ್ಲಿಷೂ ನಮ್ಮ ಭಾಷೆ ಥರಾನೇ ಪದದ ಕೊನೇಲಿ ಬಾಲ ಇಟ್ಕೊಂಡಿತ್ತು. ಪ್ರೀತಿಗೆ ‘ಲುವು’, ಪ್ರೀತಿಸೋದಕ್ಕೆ ‘ಲುವಿಯನ್’. ಆದ್ರೆ ಅವರು ಒತ್ತು ಕೊಡ್ತಿದ್ದಿದ್ದು ಸಾಮಾನ್ಯವಾಗಿ ಪದದ ತಲೆಗೆ, ಹಂಗಾಗಿ ಬಾಲ ಬಾಯಲ್ಲೇ ಸವೀತಾ ಹೋಯ್ತು, 1066ರಲ್ಲಿ ನಾರ್ಮನ್ನರು ಗೆದ್ದು ಆಸ್ಥಾನಕ್ಕೆ ಫ್ರೆಂಚ್ ಬಂದ್ಮೇಲೆ ಹಳೇ ಬರವಣಿಗೆಯ ಕಟ್ಟುಪಾಡೂ ಸಡಿಲಾಯ್ತು, 15ನೇ ಶತಮಾನದ ಹೊತ್ತಿಗೆ ಎರಡೂ ಬರೀ ‘ಲವ್’ ಆಗಿ ಉಳ್ಕೊಂಡ್ವು.

ಹಾಗಾದ್ರೆ ಯಾವುದು ಏನು ಅಂತ ಗೊತ್ತಾಗೋದು ಹೇಗೆ? ಜಾಗದಿಂದ! ಯಕ್ಷಗಾನದಲ್ಲಿ ಕಿರೀಟ ನೋಡಿ ರಾಜ ಅಂತೀವಿ. ಕಿರೀಟ, ಗೆಜ್ಜೆ ಎಲ್ಲಾ ತೆಗೆದು ಎಲ್ರೂ ಬಿಳಿ ಪಂಚೆ ಉಟ್ಕೊಂಡು ಬಂದ್ರೆ? ರಥದ ಮೇಲೆ ಕೂತವನೇ ರಾಜ ಅನ್ಬೇಕಾಗತ್ತೆ. ಬಸ್ಸಲ್ಲೂ ಅಷ್ಟೇ, ಯೂನಿಫಾರ್ಮ್ ಇಲ್ದಿದ್ರೂ ಸ್ಟೇರಿಂಗ್ ಹಿಂದೆ ಕೂತವನು ಡ್ರೈವರ್ರೇ. ‘ವಾಟರ್ ಪ್ಲಾಂಟ್ಸ್’ ಅಂತ ಎರಡೇ ಪದ ಚೀಟೀಲಿ ಬರೆದು ಯಾರಿಗಾದ್ರೂ ಕೊಡಿ. ನೀರಲ್ಲಿ ಬೆಳೆಯೋ ಗಿಡಾನೋ, ಗಿಡಕ್ಕೆ ನೀರು ಹಾಕು ಅಂತಾನೋ, ಹೇಳಕ್ಕಾಗಲ್ಲ. ಈಗ ಒಂದು ‘ದ’ ಹಾಕಿ. ‘ವಾಟರ್ ದ ಪ್ಲಾಂಟ್ಸ್’ ಅಂದ್ರೆ ಕೆಲಸ, ‘ದ ವಾಟರ್ ಪ್ಲಾಂಟ್ಸ್’ ಅಂದ್ರೆ ಗಿಡ. ಇಷ್ಟು ಚಿಕ್ಕ ಪದ ಪಕ್ಕದ ಸೀಟಿಗೆ ಹೋಗಿದ್ದಕ್ಕೇ ಇಡೀ ಅರ್ಥ ತಿರುಗಿಬಿಡ್ತು, ನಂಗಂತೂ ಎಷ್ಟು ಸಲ ನೋಡಿದ್ರೂ ಖುಷಿ. ‘ರೆಕಾರ್ಡ್’ ಥರದ ಕೆಲವು ಪದಗಳಲ್ಲಿ ಮಾತ್ರ ನೌನ್ ಹೋಗಿ ವರ್ಬ್ ಆದಾಗ ಒತ್ತೂ ಜಾಗ ಬದಲಾಯಿಸತ್ತೆ.

ಹೀಗೆ ನೌನನ್ನ ವರ್ಬ್ ಮಾಡಿದ್ರೆ ಭಾಷೆ ಕೆಡತ್ತೆ ಅನ್ನೋ ಭಯ ಹಳೇದು. 1789ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಕಾಗದ ಬರೆದು, ಜನ ‘ನೋಟಿಸ್’, ‘ಅಡ್ವೊಕೇಟ್’ ಅನ್ನೋ ನೌನ್‌ಗಳನ್ನ ವರ್ಬ್ ಮಾಡ್ಕೋತಿದಾರೆ ಅಂತ ಬೇಜಾರು ಮಾಡ್ಕೊಂಡಿದ್ರು. ಇವತ್ತು ಅವು ಎಲ್ಲರ ಬಾಯಲ್ಲೂ ಇವೆ. ‘ಗೂಗಲ್’ 2006ರಲ್ಲಿ ವರ್ಬ್ ಆಗಿ ಆಕ್ಸ್‌ಫರ್ಡ್ ಡಿಕ್ಷನರಿ ಸೇರ್ತು.

ಅದೇ ಪದ ಕನ್ನಡಕ್ಕೆ ಬಂದ್ರೆ ಬರೀಮೈಲಿ ನಿಲ್ಲಲ್ಲ, ‘ಗೂಗಲ್ ಮಾಡು’, ‘ಗೂಗಲಿಸು’ ಅಂತ ಏನಾದ್ರೂ ತೊಟ್ಕೊಳ್ಳತ್ತೆ. ನಮ್ಮಲ್ಲೂ ಬರೀಮೈಯವು ಇಲ್ಲ ಅಂತಲ್ಲ: ಮಿಂಚು ಮಿಂಚತ್ತೆ, ಗುಡುಗು ಗುಡುಗತ್ತೆ, ಹಾಡು ಅಂದ್ರೆ ಹಾಡೂ ಹೌದು, ಹಾಡು ಅನ್ನೋ ಅಪ್ಪಣೆನೂ ಹೌದು. ಇದನ್ನ ಹೇಳಿದ್ದೇ ತಡ ಪುಟ್ಟಿ, “ಚಿಕ್ಕಪ್ಪ, ನಗು ಕೂಡ!” ಅಂದ್ಳು.